ಎಂಎಲ್‌ಎಗೆ ಓಟು ಹಾಕಬಹುದು, ಕಾಲೇಜಲ್ಲಿ ಹಾಕಂಗಿಲ್ಲ



ಸ್ವಲ್ಪ ಉದ್ದದ ಪೋಸ್ಟು ಇದು. ಪುರುಸೊತ್ತು ಮಾಡ್ಕೊಂಡು ಓದಿ.

ಮೊನ್ನೆ ಗುಬ್ಬಿ ಕಡೆಯ ಒಬ್ಬ ಹುಡುಗ ಸಿಕ್ಕಿದ್ದ. ತುಮಕೂರಲ್ಲಿ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದ್ತಾನೆ, ನಮ್ಮ ಕಾರ್ಯಕ್ರಮಗಳಿಗೆ ಬಂದು ಕುರ್ಚಿ ಹಾಕೋದರಿಂದ ಹಿಡಿದು ಬ್ಯಾನರ್ ಕಟ್ಟೋವರೆಗೂ ಎಲ್ಲ ಮಾಡ್ತಾನೆ. ಟೀ ಕುಡೀತಾ ಕೇಳಿದ: "ಅಣ್ಣ, ಕಾಲೇಜು ಎಲೆಕ್ಷನ್ ವಾಪಸ್ ತರ್ತಾರಂತೆ. ಬಂದ್ರೆ ನಮ್ಗೆ ಒಳ್ಳೇದಾ, ಕೆಟ್ಟದ್ದಾ?"

ಥಟ್ಟನೆ ಉತ್ತರ ಹೇಳೋಕಾಗಲಿಲ್ಲ. ಯಾಕಂದ್ರೆ ಅವನೂ ಕಾಲೇಜಿನಲ್ಲಿ ಓಟು ಹಾಕಿಲ್ಲ, ನಾನೂ ಹಾಕಿಲ್ಲ. ನಮ್ಮಿಬ್ಬರ ನಡುವೆ ಇಪ್ಪತ್ತು ವರ್ಷಕ್ಕೂ ಮೇಲಿನ ಅಂತರ ಇದೆ. ಅಷ್ಟೂ ವರ್ಷ ತುಮಕೂರು, ಗುಬ್ಬಿ, ಕುಣಿಗಲ್ಲಿನ ಯಾವ ಕಾಲೇಜಿನಲ್ಲಿ ಓದಿದವರ ಕಥೆಯೂ ಅಷ್ಟೇ. 2025ರಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ವಿದ್ಯಾರ್ಥಿ ಚುನಾವಣೆ ಮತ್ತೆ ಆರಂಭಿಸೋ ಮಾತಾಡಿದಾಗಿಂದ ಟಿವಿಯಲ್ಲಿ ಪರ-ವಿರೋಧ ಚರ್ಚೆ ನಡೀತು. ಆ ಚರ್ಚೆಗಳಲ್ಲಿ ನಮ್ಮ ಹಾಸ್ಟೆಲ್ ಹುಡುಗರ ಮಾತು ಎಲ್ಲೂ ಕಾಣಲಿಲ್ಲ. ಅದಕ್ಕೇ ಕೂತು ಬರೆಯೋಣ ಅನ್ನಿಸ್ತು.

ಮೊದಲು ಇಸವಿಗಳನ್ನ ನೋಡಿ. ಅದರಲ್ಲೇ ಒಂದು ತಮಾಷೆ ಇದೆ.

ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದಿದ್ದು 1989ರ ಮಾರ್ಚ್‌ನಲ್ಲಿ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳೀತು. ಅದೇ ವರ್ಷ ನವೆಂಬರ್‌ನಲ್ಲಿ ಲೋಕಸಭೆಗೂ ನಮ್ಮ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೀತು. 18 ತುಂಬಿದ ಕಾಲೇಜು ಹುಡುಗ ಹುಡುಗಿಯರು ಮೊದಲ ಸಲ ಸಾಲಲ್ಲಿ ನಿಂತು ಬೆರಳಿಗೆ ಶಾಯಿ ಹಾಕಿಸಿಕೊಂಡರು. ಕಾಂಗ್ರೆಸ್ ಗೆದ್ದು ನವೆಂಬರ್ 30ಕ್ಕೆ ವೀರೇಂದ್ರ ಪಾಟೀಲರು ಮುಖ್ಯಮಂತ್ರಿ ಆದರು. ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ಬೇಡ ಅಂತ ನಿಲ್ಲಿಸಿದ್ದು ಅದೇ ಸರ್ಕಾರ, 1989-90ರಲ್ಲಿ. ಅಂದ್ರೆ ಏನಾಯ್ತು? ದೇಶದ ಪ್ರಧಾನಿ ಯಾರಾಗಬೇಕು ಅಂತ ನಿರ್ಧರಿಸೋಷ್ಟು ಬುದ್ಧಿ ನಿನಗಿದೆ, ನಿನ್ನ ಕಾಲೇಜಿನ ಸಂಘದ ಕಾರ್ಯದರ್ಶಿ ಯಾರಾಗಬೇಕು ಅಂತ ನಿರ್ಧರಿಸೋ ಬುದ್ಧಿ ಇಲ್ಲ ಅಂದಂಗಾಯ್ತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಂಡಿದ್ದು.

ಕೊಟ್ಟ ಕಾರಣ ಗೊತ್ತೇ ಇದೆ. ಗಲಾಟೆ, ಹೊಡೆದಾಟ, ರೌಡಿಗಳ ಪ್ರವೇಶ, ಪಕ್ಷಗಳ ಹಸ್ತಕ್ಷೇಪ, ಜಾತಿ. ಸುಳ್ಳು ಅಂತ ನಾನು ಹೇಳಲ್ಲ. ಆಗ ಹಿಂಸೆ ನಡೆದಿದ್ದು ನಿಜ. ನೆರೆಯ ಮಹಾರಾಷ್ಟ್ರದಲ್ಲೂ 1989ರಲ್ಲಿ ಮುಂಬಯಿಯ ಒಬ್ಬ ವಿದ್ಯಾರ್ಥಿ ನಾಯಕನ ಕೊಲೆ ಆದ ಮೇಲೆ ಚುನಾವಣೆ ವಿರುದ್ಧ ಕೂಗು ಎದ್ದು, 1994ರ ಕಾಯ್ದೆಯಲ್ಲಿ ನಾಮನಿರ್ದೇಶನ ಪದ್ಧತಿ ತಂದರು. ಆದರೆ ಒಂದು ಮಾತು. ವಿಧಾನಸಭೆ ಚುನಾವಣೆಯಲ್ಲಿ ಹೆಣ ಬಿದ್ದಾಗ ವಿಧಾನಸಭೆ ಚುನಾವಣೆಯನ್ನೇ ಯಾರಾದ್ರೂ ಮೂವತ್ತೈದು ವರ್ಷ ನಿಲ್ಲಿಸಿದ್ದು ಕೇಳಿದ್ದೀರಾ? ಮದುವೇಲಿ ಜಗಳ ಆಯ್ತು ಅಂತ ಊರಲ್ಲಿ ಮದುವೇನೇ ನಿಲ್ಲಿಸ್ತಾರಾ?

ಇನ್ನು ನಮ್ಮ ಜಿಲ್ಲೆ ಲೆಕ್ಕಕ್ಕೆ ಬನ್ನಿ. ನಮ್ಮ ಕಾಲೇಜುಗಳೆಲ್ಲ ಮೊದಲು ಬೆಂಗಳೂರು ವಿಶ್ವವಿದ್ಯಾಲಯದ ಕೆಳಗಿದ್ದವು. ತುಮಕೂರು ವಿಶ್ವವಿದ್ಯಾಲಯ ಹುಟ್ಟಿದ್ದು 2004ರಲ್ಲಿ. ಅಂದ್ರೆ ಮತಪೆಟ್ಟಿಗೆ ಕಿತ್ತುಹಾಕಿ ಹದಿನಾಲ್ಕು ವರ್ಷ ಆದ ಮೇಲೆ. ಹುಟ್ಟಿದಾಗಿಂದ ವಿದ್ಯಾರ್ಥಿ ಚುನಾವಣೆ ಅನ್ನೋದರ ಮುಖಾನೇ ನೋಡದ ವಿಶ್ವವಿದ್ಯಾಲಯ ಇದು. ಗುಬ್ಬಿ, ಕುಣಿಗಲ್ಲಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇವತ್ತು ಪಾಠ ಮಾಡ್ತಿರೋ ಎಷ್ಟೋ ಮೇಷ್ಟ್ರುಗಳೂ ವಿದ್ಯಾರ್ಥಿಯಾಗಿ ಓಟು ಹಾಕಿದವರಲ್ಲ. ಹಾಗಾಗಿ ನೆನಪು ಅನ್ನೋದೇ ಕಡಿದುಹೋಗಿದೆ. ಇದ್ದಿದ್ದು ಹೋಯ್ತು ಅನ್ನೋ ನೋವಾದ್ರೂ ಇರಬೇಕಲ್ಲ, ಅದೂ ಇಲ್ಲ.

ಹಂಗಂತ ಹಳೇ ಕಾಲ ಸ್ವರ್ಗ ಆಗಿತ್ತಾ? ಇಲ್ಲ ಕಣ್ರಪ್ಪ. ಇಲ್ಲೇ ನಮ್ಮ ಕೆಲವು ಎಡಪಂಥೀಯ ಗೆಳೆಯರ ಜೊತೆ ನನಗೆ ತಕರಾರು. ಅವರು "ವಿದ್ಯಾರ್ಥಿ ಶಕ್ತಿ" ಅಂದಾಗ ಕಣ್ಣಲ್ಲಿ ಹೊಳಪು ಬರುತ್ತೆ. ನಮಗೆ ಆ ಪದ ಕೇಳಿದ್ರೆ 1973 ನೆನಪಾಗುತ್ತೆ.

ಆ ವರ್ಷ ನವೆಂಬರ್‌ನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಾ ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಿದ ಮನುಷ್ಯ ಅವರು. ಆ ಒಂದು ಮಾತಿಗೆ ರಾಜ್ಯದ ಕಾಲೇಜುಗಳಿಂದ ವಿದ್ಯಾರ್ಥಿಗಳು ಬೀದಿಗಿಳಿದರು. ಬೀದಿಗಿಳಿದವರು ಬಹುಪಾಲು ಮೇಲ್ಜಾತಿ ಹುಡುಗರು, ಏಟು ತಿಂದವರು ದಲಿತ ಹುಡುಗರು. ಹಾಸ್ಟೆಲ್‌ಗಳ ಮೇಲೆ ದಾಳಿ ಆಯ್ತು. ಕುವೆಂಪು ಅವರಂಥವರು ಬಸವಲಿಂಗಪ್ಪನವರ ಪರ ನಿಂತರೂ ಅವರು ಮಂತ್ರಿ ಸ್ಥಾನ ಬಿಡಬೇಕಾಯ್ತು. ಆಗ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳು ಇದ್ದವು, ಚುನಾವಣೆ ಇತ್ತು, ಪದಾಧಿಕಾರಿಗಳೂ ಇದ್ದರು. ಅಷ್ಟೆಲ್ಲ ಇದ್ದೂ ನಮ್ಮ ಹುಡುಗರಿಗೆ ಅದರಿಂದ ರಕ್ಷಣೆ ಸಿಗಲಿಲ್ಲ.

ಆ ಏಟಿನಿಂದ ಎದ್ದಿದ್ದೇ ದಲಿತ ಸಂಘರ್ಷ ಸಮಿತಿ. ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು, ಜೊತೆಗೆ ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮತ್ತೆ ಎಷ್ಟೋ ಜನ ಯುವಕರು. ಅವರಲ್ಲಿ ಬಹಳ ಜನ ಹಾಸ್ಟೆಲ್‌ಗಳಿಂದ, ಕಾಲೇಜುಗಳಿಂದ ಬಂದವರು. ನಮ್ಮ ತುಮಕೂರಿನಲ್ಲಿ ಇಂಗ್ಲಿಷ್ ಪಾಠ ಹೇಳ್ತಿದ್ದ ಕವಿ ಕೆ.ಬಿ. ಸಿದ್ದಯ್ಯನವರು ಜಿಲ್ಲೆಯಲ್ಲಿ ಚಳವಳಿಯನ್ನ ಹೇಗೆ ಬೆಳೆಸಿದರು ಅಂತ ನಿಮಗೆಲ್ಲ ಗೊತ್ತು. 2019ರ ಅಕ್ಟೋಬರ್‌ನಲ್ಲಿ ಅವರು ಹೋದಾಗ ನಾವೆಲ್ಲ ಅನಾಥರ ಥರ ನಿಂತಿದ್ವಿ. ದಸಂಸದ ಜೊತೆಗೇ ದಲಿತ ವಿದ್ಯಾರ್ಥಿ ಒಕ್ಕೂಟವೂ ಬೆಳೀತು. ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮ ನಾಯಕರು ವಿದ್ಯಾರ್ಥಿ ಸಂಘದ ಕುರ್ಚಿಯಿಂದ ಬಂದವರಲ್ಲ, ಅದರ ಹೊರಗಿನಿಂದ ಬಂದವರು. ಒಳಗೆ ಜಾಗ ಇರಲಿಲ್ಲ ಅಂತಾನೇ ಹೊರಗೆ ಸಂಘ ಕಟ್ಟಿದರು.

ಎಂಬತ್ತರ ದಶಕದಲ್ಲಿ ತುಮಕೂರಲ್ಲಿ ಓದಿದ ನಮ್ಮೂರಿನ ಅಣ್ಣಂದಿರನ್ನ ಈ ಬಗ್ಗೆ ಎಷ್ಟೋ ಸಲ ಕೇಳಿದ್ದೀನಿ. ಒಬ್ಬರು ಹೇಳೋದು: ಮೊದಲು ತರಗತಿಗೊಬ್ಬರಂತೆ ಪ್ರತಿನಿಧಿ ಆರಿಸೋದು, ಆಮೇಲೆ ಆ ಪ್ರತಿನಿಧಿಗಳು ಸೇರಿ ಅಧ್ಯಕ್ಷ, ಕಾರ್ಯದರ್ಶಿ ಆರಿಸೋದು. ಎರಡನೇ ಚುನಾವಣೆಗೆ ಮುಂಚೆ ಪ್ರತಿನಿಧಿಗಳನ್ನ ಕಾರಲ್ಲಿ ಕೂರಿಸ್ಕೊಂಡು ಎಲ್ಲೋ ತೋಟದ ಮನೇಲಿ ಇಟ್ಕೊಂಡು ಬಿರಿಯಾನಿ ಹಾಕೋರಂತೆ. ಈಗಿನ ಎಂಎಲ್‌ಎಗಳ ರೆಸಾರ್ಟ್ ವಿದ್ಯೆಗೆ ಪ್ರಾಕ್ಟೀಸು ಅಲ್ಲೇ ಆಗಿದೆ ಅಂತ ನಗ್ತಾರೆ. ಪ್ಯಾನೆಲ್ ಅಂದ್ರೆ ಎರಡೇ: ಜಿಲ್ಲೆಯ ಎರಡು ದೊಡ್ಡ ಜಾತಿಗಳದು. ನಮ್ಮ ಹುಡುಗರು ಎರಡಕ್ಕೂ ಓಟು. ಬಹಳ ಆದ್ರೆ ಒಂದು ಜಂಟಿ ಕಾರ್ಯದರ್ಶಿ.

ಆದರೆ ಅದೇ ಅಣ್ಣ ಇನ್ನೊಂದು ಮಾತನ್ನೂ ಹೇಳಿದ್ರು, ಅದು ನನ್ನ ಮನಸ್ಸಲ್ಲಿ ಉಳಿದಿದೆ. ಚುನಾವಣೆ ಹತ್ರ ಬಂದ ಹದಿನೈದು ದಿನ ಮಾತ್ರ, ಗೌಡರ ಮನೆ ಹುಡುಗ, ಸಾಹುಕಾರರ ಮನೆ ಹುಡುಗ ಎಲ್ಲ ಎಸ್‌ಸಿ ಹಾಸ್ಟೆಲ್ ಮೆಟ್ಟಿಲು ಹತ್ತೋರು. ಚಾಪೆ ಮೇಲೆ ಕೂರೋರು. ಹಾಸ್ಟೆಲ್ ಊಟ ಉಣ್ಣೋರು. "ಏನ್ರಪ್ಪ ನಿಮ್ಮ ಸಮಸ್ಯೆ" ಅನ್ನೋರು. ಊರಲ್ಲಿ ನಮ್ಮ ಕೇರಿ ಕಡೆ ತಲೆ ಹಾಕಿ ಮಲಗದೋರು ಅಲ್ಲಿ ಬಂದು ನಮ್ಮ ತಟ್ಟೇಲಿ ಉಣ್ಣೋರು. ನಾಟಕಾನೇ ಇರಬಹುದು. ನಾಟಕ ಅಂತ ಗೊತ್ತಿದ್ದೂ ನಮ್ಮೋರು ಆ ಹದಿನೈದು ದಿನದಲ್ಲಿ ಹಾಸ್ಟೆಲ್ ನಲ್ಲಿ ರಿಪೇರಿ, ಲೈಬ್ರರಿಗೆ ಪುಸ್ತಕ, ಬಸ್ ಸ್ಟಾಪ್ ಇಂಥವನ್ನೆಲ್ಲ ಗಿಟ್ಟಿಸ್ಕೊಳ್ಳೋರಂತೆ. ಹಾಸ್ಟೆಲ್‌ನಲ್ಲಿ ನೂರು ಹುಡುಗರಿದ್ರೆ ಅದು ನೂರು ಓಟು. ಒಂದು ತಲೆಗೆ ಒಂದು. ಗೌಡರ ಮಗನಿಗೂ ಒಂದೇ, ಜೀತದಾಳಿನ ಮಗನಿಗೂ ಒಂದೇ.

1989-90ರಲ್ಲಿ ನಿಂತಿದ್ದು ಇದು. ಗೌಡರ ಮಗನಿಗೆ ಅದರಿಂದ ಏನೂ ಕಮ್ಮಿ ಆಗಲಿಲ್ಲ. ಅವನಿಗೆ ಅಪ್ಪನ ಪಾರ್ಟಿ ಇತ್ತು, ಜಾತಿ ಸಂಘ ಇತ್ತು, ಮಠ ಇತ್ತು, ಜಿಲ್ಲಾ ಪರಿಷತ್ ಟಿಕೆಟ್ ಇತ್ತು. ಇವತ್ತು ವಿಧಾನಸೌಧದಲ್ಲಿರೋ ನಲವತ್ತು ದಾಟದ ಎಂಎಲ್‌ಎಗಳ ಅಪ್ಪ ಯಾರು ಅಂತ ನೋಡಿ, ಲೆಕ್ಕ ಸಿಗುತ್ತೆ. ಹಾಸ್ಟೆಲ್ ಹುಡುಗನಿಗೆ ಇದ್ದಿದ್ದೇ ಆ ಒಂದು ಏಣಿ. ಮೆಟ್ಟಿಲು ಮುರಿದಿತ್ತು ನಿಜ. ರಿಪೇರಿ ಮಾಡದೆ ಏಣಿನೇ ಎತ್ಕೊಂಡು ಹೋದರು. 1990ರ ಆಗಸ್ಟ್ 7ಕ್ಕೆ ವಿ.ಪಿ. ಸಿಂಗ್ ಮಂಡಲ್ ವರದಿ ಜಾರಿ ಅಂತ ಘೋಷಿಸಿದ್ದು, ಕಾಲೇಜುಗಳಲ್ಲಿ ಹಿಂದುಳಿದವರ ತಲೆಎಣಿಕೆ ಏರೋ ಕಾಲ ಅದು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ಕಾಲ ಒಂದೇ ಆಗಿತ್ತು ಅಂತ ಅಷ್ಟೇ ಹೇಳ್ತಿದ್ದೀನಿ.

ಚುನಾವಣೆ ಹೋದ ಜಾಗಕ್ಕೆ ಏನು ಬಂತು? "ಮೆರಿಟ್" ಬಂತು. ನಾನು ಬಿಎ ಓದಿದ ಕಾಲೇಜು, ಹೆಸರು ಬೇಡ. ತರಗತಿ ಪ್ರತಿನಿಧಿಯನ್ನ ಮೇಷ್ಟ್ರು ರಿಜಿಸ್ಟರ್ ನೋಡಿ ಹೇಳೋರು. ಜಾಸ್ತಿ ಮಾರ್ಕ್ಸ್ ಯಾರದೋ ಅವರು. ಮೂರು ವರ್ಷ ನಮ್ಮ ಕ್ಲಾಸಿಗೆ ಪ್ರತಿನಿಧಿ ಆದವರು ಮೂವರೂ ತುಮಕೂರು ಸಿಟಿಯವರೇ, ಹಾಸ್ಟೆಲ್ ಅಂದ್ರೆ ಏನು ಅಂತ ಗೊತ್ತಿಲ್ಲದವರು. ಒಳ್ಳೆ ಹುಡುಗರೇ, ನನಗೆ ನೋಟ್ಸ್ ಕೊಟ್ಟಿದ್ದಾರೆ, ದ್ವೇಷ ಏನಿಲ್ಲ. ಎರಡನೇ ವರ್ಷ ನಮ್ಮ ವಿದ್ಯಾರ್ಥಿವೇತನ ಬರಲಿಲ್ಲ. ಪರೀಕ್ಷೆ ಫೀಸು ಕಟ್ಟೋ ದಿನ ಮುಗೀತಾ ಬಂದಿತ್ತು. ಪ್ರತಿನಿಧಿ ಹತ್ರ ಹೋಗಿ, ಪ್ರಿನ್ಸಿಪಾಲರಿಗೆ ನೀನು ಹೇಳು ಅಂದ್ವಿ. ಅವನು ಪಾಪ ನಿಜವಾಗ್ಲೂ ಅರ್ಥ ಆಗದೆ ಕೇಳಿದ: "ಅದು ನಿಮ್ಮೊಬ್ಬರದೇ ವಿಷಯ ಅಲ್ವಾ, ಕ್ಲಾಸಿನದು ಹೆಂಗಾಗುತ್ತೆ?"

ನಾವೇ ಏಳು ಜನ ಅರ್ಜಿ ಬರ್ಕೊಂಡು ಹೋದ್ವಿ. ಆಫೀಸಲ್ಲಿ "ನೀವ್ಯಾರು?" ಅಂದ್ರು. ವಿದ್ಯಾರ್ಥಿಗಳು ಅಂದ್ವಿ. "ವಿದ್ಯಾರ್ಥಿಗಳು ಸರಿ, ಯಾರ ಪರವಾಗಿ?"

ಈಗ ನಾನೇ ಆಫೀಸಲ್ಲಿ ಗುಮಾಸ್ತ. ಆ ಪ್ರಶ್ನೆಯ ಬೆಲೆ ಈಗ ಗೊತ್ತು. ಟಪಾಲಿನಲ್ಲಿ ಎರಡು ಅರ್ಜಿ ಬರ್ತವೆ ಅಂತಿಟ್ಕೊಳ್ಳಿ. ಒಂದರಲ್ಲಿ "ಇಂತಿ ನೊಂದ ವಿದ್ಯಾರ್ಥಿಗಳು" ಅಂತ ಇರುತ್ತೆ. ಇನ್ನೊಂದರಲ್ಲಿ "ಕಾರ್ಯದರ್ಶಿ, ವಿದ್ಯಾರ್ಥಿ ಸಂಘ" ಅಂತ ಮೊಹರು ಇರುತ್ತೆ. ಎರಡರಲ್ಲೂ ವಿಷಯ ಒಂದೇ. ಎರಡನೆಯದಕ್ಕೆ ನಂಬರ್ ಬೀಳುತ್ತೆ, ಟಿಪ್ಪಣಿ ಏಳುತ್ತೆ, ಸಾಹೇಬರ ಟೇಬಲ್‌ಗೆ ಹೋಗುತ್ತೆ, ಉತ್ತರ ಕೊಡಬೇಕಾಗುತ್ತೆ. ಮೊದಲನೆಯದು ಎಲ್ಲಿ ಹೋಗುತ್ತೆ ಅಂತ ಕೇಳಬೇಡಿ. ನಮ್ಮ ಅರ್ಜಿನೂ ಅಲ್ಲಿಗೇ ಹೋಯ್ತು. ಏಳು ಜನರಲ್ಲಿ ಇಬ್ಬರು ಆ ವರ್ಷ ಪರೀಕ್ಷೆ ಬರೀಲಿಲ್ಲ. ಒಬ್ಬ ಕುಣಿಗಲ್ ಕಡೆಯವನು, ಆಮೇಲೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ, ಮತ್ತೆ ಕಾಲೇಜಿಗೆ ಬರಲೇ ಇಲ್ಲ. ಈಗ ಅದೇ ವಿದ್ಯಾರ್ಥಿವೇತನ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಆಗ ಗುಮಾಸ್ತನನ್ನ ಬೈಯಬಹುದಿತ್ತು, ಈಗ ಸರ್ವರ್ ಡೌನ್.

ಬಾಬಾಸಾಹೇಬರು ಈ ವಿಷಯ ಎಷ್ಟು ಮೊದಲೇ ಹಿಡಿದಿದ್ರು ನೋಡಿ. 1919ರ ಜನವರಿಯಲ್ಲಿ, ಇನ್ನೂ 27 ವರ್ಷ ಅವರಿಗೆ, ಮುಂಬಯಿಯ ಸಿಡೆನ್ಹಾಂ ಕಾಲೇಜಿನಲ್ಲಿ ಮೇಷ್ಟ್ರು. ಮತಾಧಿಕಾರ ಯಾರಿಗೆ ಕೊಡಬೇಕು ಅಂತ ವಿಚಾರಿಸೋಕೆ ಬಂದಿದ್ದ ಸೌತ್‌ಬರೋ ಸಮಿತಿ ಮುಂದೆ ಸಾಕ್ಷ್ಯ ಹೇಳಿದರು. ಪ್ರತಿನಿಧಿಸೋ ಹಕ್ಕು, ಅಧಿಕಾರದ ಸ್ಥಾನ ಹಿಡಿಯೋ ಹಕ್ಕು, ಇವೆರಡೂ ಪೌರತ್ವದ ಮುಖ್ಯ ಹಕ್ಕುಗಳು ಅನ್ನೋದು ಅವರ ವಾದ. ನಿಮ್ಮ ಪರವಾಗಿ ನಾವು ಮಾತಾಡ್ತೀವಿ ಅನ್ನೋ ಒಳ್ಳೆಯವರು ಆಗಲೂ ಬೇಕಾದಷ್ಟಿದ್ದರು. ಅದು ಸಾಲದು ಅಂದರು.

ಮುಂದೆ ತಮ್ಮದೇ ಕಾಲೇಜು ಕಟ್ಟೋ ಅವಕಾಶ ಬಂದಾಗ ಏನು ಮಾಡಿದರು ಅನ್ನೋದು ಇನ್ನೂ ಮುಖ್ಯ. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ, 1946ರಲ್ಲಿ ಮುಂಬಯಿಯ ಸಿದ್ಧಾರ್ಥ ಕಾಲೇಜು. ಅಲ್ಲಿ ವಿದ್ಯಾರ್ಥಿಗಳದೇ ಒಂದು ಪಾರ್ಲಿಮೆಂಟು ಇತ್ತು. 1950ರಲ್ಲಿ, ದೇಶದ ಕಾನೂನು ಮಂತ್ರಿಯಾಗಿದ್ದ ಬಾಬಾಸಾಹೇಬರು ಆ ಹುಡುಗರ ಪಾರ್ಲಿಮೆಂಟಿಗೆ ಬಂದು ಹಿಂದೂ ಕೋಡ್ ಬಿಲ್ ಬಗ್ಗೆ ಮಾತಾಡಿದರು. ದೆಹಲಿಯ ಪಾರ್ಲಿಮೆಂಟಿನಲ್ಲಿ ಯಾವ ಮಸೂದೆಗೆ ಅವರ ಮೇಲೆ ಮುಗಿಬಿದ್ದಿದ್ದರೋ ಅದೇ ಮಸೂದೆ. ಹುಡುಗರಿಗೆ ರಾಜಕೀಯ ಬೇಡ, ಓದಿಕೊಳ್ಳಲಿ ಅಂತ ಅವರು ಅಂದುಕೊಂಡಿದ್ರೆ ಅಲ್ಲಿಗೆ ಹೋಗ್ತಿರಲಿಲ್ಲ. ಅವರಿಗಿಂತ ಹೆಚ್ಚು ಓದಿದವರು ಯಾರಿದ್ರು ಹೇಳಿ.

ಚುನಾವಣೆ ಉಳಿಸಿಕೊಂಡ ಕ್ಯಾಂಪಸ್‌ಗಳಲ್ಲಿ ನಮ್ಮ ಮಕ್ಕಳು ಏನು ಮಾಡಿದ್ದಾರೆ? ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅಂಬೇಡ್ಕರ್ ಸ್ಟೂಡೆಂಟ್ಸ್ ಅಸೋಸಿಯೇಷನ್ ಶುರುವಾಗಿದ್ದು 1993ರಲ್ಲಿ. ಚುನಾವಣೆ ಕಣದಲ್ಲಿ ಎಲ್ಲರೂ ಲೆಕ್ಕಕ್ಕೆ ತಗೋಬೇಕಾದ ಶಕ್ತಿಯಾಗಿ ಅದು ಬೆಳೀತು. ದೆಹಲಿಯ ಜೆಎನ್‌ಯುನಲ್ಲಿ 2024ರ ಮಾರ್ಚ್‌ನಲ್ಲಿ ಬಿಹಾರದ ಗಯಾದ ಧನಂಜಯ್ ಅಧ್ಯಕ್ಷ ಆದಾಗ, 1996ರ ಬತ್ತಿಲಾಲ್ ಬೈರವಾ ನಂತರ ಮೊದಲ ದಲಿತ ಅಧ್ಯಕ್ಷ ಅಂತ ಪೇಪರ್‌ಗಳು ಬರೆದವು. ಅಷ್ಟು ಪ್ರಗತಿಪರ ಅನ್ನಿಸಿಕೊಂಡ ಕಡೆಯೂ ಸುಮಾರು ಮೂವತ್ತು ವರ್ಷ ಬೇಕಾಯ್ತು. ಚುನಾವಣೆ ಇದ್ದ ಮಾತ್ರಕ್ಕೆ ಕುರ್ಚಿ ಸಿಗಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ರೋಹಿತ್ ವೇಮುಲ ಬಗ್ಗೆ ನಾವೆಲ್ಲ ಪ್ರತಿ ಜನವರಿ 17ಕ್ಕೆ ಪೋಸ್ಟ್ ಹಾಕ್ತೀವಿ. ಆ ಐವರು ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯ ಕೊಟ್ಟ ಶಿಕ್ಷೆ ಏನೇನು ಅಂತ ಇನ್ನೊಂದ್ಸಲ ಓದಿ. ಹಾಸ್ಟೆಲ್‌ನಿಂದ ಹೊರಗೆ. ಆಡಳಿತ ಕಟ್ಟಡಕ್ಕೆ ಹೋಗಂಗಿಲ್ಲ. ಸಾರ್ವಜನಿಕ ಜಾಗಗಳಲ್ಲಿ ಗುಂಪಾಗಿ ಸೇರಂಗಿಲ್ಲ. ವಿದ್ಯಾರ್ಥಿ ಸಂಘದ ಚುನಾವಣೆಯಲ್ಲಿ ಭಾಗವಹಿಸಂಗಿಲ್ಲ. ಆ ಕೊನೇದನ್ನ ನಾವು ಅಷ್ಟಾಗಿ ಗಮನಿಸಿಲ್ಲ. ತರಗತಿಗೆ ಹೋಗಬಹುದು, ಲೈಬ್ರರಿಗೆ ಹೋಗಬಹುದು, ಓದಬಹುದು. ಒಟ್ಟಿಗೆ ಸೇರಂಗಿಲ್ಲ, ಓಟಿಗೆ ನಿಲ್ಲಂಗಿಲ್ಲ. ಅವರು ಬಯಲಲ್ಲಿ ಡೇರೆ ಹಾಕ್ಕೊಂಡು ಅದಕ್ಕೆ ವೆಲಿವಾಡ ಅಂತ ಹೆಸರಿಟ್ಟರು. ನಮ್ಮ ಭಾಷೇಲಿ ಹೊಲಗೇರಿ. ಅಲ್ಲಿ ಐದು ಜನಕ್ಕೆ ಶಿಕ್ಷೆಯಾಗಿ ಕೊಟ್ಟಿದ್ದನ್ನ ಕರ್ನಾಟಕದಲ್ಲಿ ಮೂರೂವರೆ ದಶಕದಿಂದ ಎಲ್ಲ ವಿದ್ಯಾರ್ಥಿಗಳಿಗೂ ನಿಯಮವಾಗಿ ಕೊಟ್ಟಿದ್ದಾರೆ. ನಾವು ಅದನ್ನ ಶಿಸ್ತು ಅಂತ ಕರೀತೀವಿ.

ಈಗ ಮತ್ತೆ ತಂದ್ರೆ ಯಾವ ನಿಯಮದ ಪ್ರಕಾರ ತರ್ತಾರೆ? ಲಿಂಗ್ಡೋ ಸಮಿತಿ ಹೆಸರು ಎಲ್ಲರೂ ಹೇಳ್ತಾರೆ, ಓದಿದವರು ಕಮ್ಮಿ. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ಸಮಿತಿ 2006ರ ಮೇನಲ್ಲಿ ವರದಿ ಕೊಟ್ಟಿತು. ಸುಪ್ರೀಂ ಕೋರ್ಟು ಸೆಪ್ಟೆಂಬರ್ 22ಕ್ಕೆ ಅದನ್ನ ಜಾರಿ ಮಾಡಿ ಅಂತು. ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಚುನಾವಣೆ ನಡೀಬೇಕು ಅನ್ನೋದೇ ಅದರ ಮೊದಲ ಮಾತು. ಅದನ್ನ ನಮ್ಮಲ್ಲಿ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಅದರಲ್ಲಿ ನಮಗೆ ಅನುಕೂಲದ ವಿಷಯಗಳೂ ಇವೆ. ಅಭ್ಯರ್ಥಿ 5000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಂಗಿಲ್ಲ. ಪ್ರಿಂಟ್ ಮಾಡಿಸಿದ ಪೋಸ್ಟರ್ ಇಲ್ಲ, ಕೈಬರಹದ್ದು ಮಾತ್ರ. ಫ್ಲೆಕ್ಸ್ ರಾಜರಿಗೆ ಇದು ಸಂಕಟ, ನಮಗೆ ಹಬ್ಬ. ಬಿಳಿ ಹಾಳೆ ಮೇಲೆ ನೀಲಿ ಇಂಕಿನಲ್ಲಿ ಬರೆಯೋದು ನಮ್ಮ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕುತ್ತಿಗೆಗೆ ಬರೋವೂ ಇವೆ. ಅಭ್ಯರ್ಥಿಗೆ ಶೇ. 75 ಹಾಜರಾತಿ ಇರಬೇಕು. ಆ ವರ್ಷ ಬಾಕಿ ವಿಷಯ ಇರಬಾರದು. ಪದವಿ ವಿದ್ಯಾರ್ಥಿಯ ವಯಸ್ಸು 17ರಿಂದ 22ರೊಳಗೆ. ಪದಾಧಿಕಾರಿ ಸ್ಥಾನಕ್ಕೆ ಜೀವನದಲ್ಲಿ ಒಂದೇ ಅವಕಾಶ. ಕೇಳೋಕೆ ಎಲ್ಲ ನ್ಯಾಯವಾಗೇ ಇದೆ. ಕುಣಿಗಲ್ ತಾಲ್ಲೂಕಿನ ಒಳಹಳ್ಳಿಯಿಂದ ಬಸ್ ಪಾಸ್‌ನಲ್ಲಿ ಕಾಲೇಜಿಗೆ ಬರೋ ಹುಡುಗಿ, ಬೆಳಿಗ್ಗೆ ಇರೋ ಒಂದು ಬಸ್ಸು ತಪ್ಪಿದ್ರೆ ಅವತ್ತಿನ ಹಾಜರಾತಿ ಹೋಯ್ತು. ಅಡಿಕೆ ಸುಲಿಯೋ ಕಾಲದಲ್ಲಿ ಗುಬ್ಬಿ ಕಡೆ ಹುಡುಗರು ರಾತ್ರಿಯೆಲ್ಲ ಕೂಲಿ ಮಾಡಿ ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸ್ತಾರೆ, ಇಲ್ಲಾ ಬರೋದೇ ಇಲ್ಲ. ಪಿಯುಸಿ ಆದ ಮೇಲೆ ಎರಡು ವರ್ಷ ಬೆಂಗಳೂರಲ್ಲಿ ಗಾರ್ಮೆಂಟ್ಸ್‌ನಲ್ಲಿ ದುಡಿದು, ದುಡ್ಡು ಕೂಡಿಟ್ಟು ಬಿಎಗೆ ಸೇರಿದವನಿಗೆ ಕೊನೇ ವರ್ಷಕ್ಕೆ ವಯಸ್ಸು ದಾಟಿರುತ್ತೆ. ಇಂಗ್ಲಿಷ್‌ನಲ್ಲಿ ಒಂದು ಪೇಪರ್ ಉಳಿಸ್ಕೊಳ್ಳದ ನಮ್ಮ ಹುಡುಗ ಎಷ್ಟು ಜನ ಇದ್ದಾರೆ? ನನಗೂ ಒಂದು ಉಳಿದಿತ್ತು. ಹೀಗೆ ಒಂದೊಂದೇ ಜರಡಿ ಹಿಡಿದ್ರೆ ಕೊನೆಗೆ ಜರಡಿ ಮೇಲೆ ಉಳಿಯೋನು ಸಿಟಿಯ, ಅಪ್ಪ ಫೀಸು ಕಟ್ಟೋ, ಮನೆಯಲ್ಲೇ ಊಟ ಇರೋ ಹುಡುಗ. ರಿಜಿಸ್ಟರ್ ನೋಡಿ ಆರಿಸಿದ ಪ್ರತಿನಿಧಿಯೇ ಓಟು ಹಾಕಿಸಿಕೊಂಡು ಬಂದಂಗೆ.

ಇನ್ನೊಂದು, ಪದಾಧಿಕಾರಿ ಸ್ಥಾನಗಳಿಗೆ ಮೀಸಲಾತಿ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರು ಶೇ. 17.15. ಆರು ಜನಕ್ಕೆ ಒಬ್ಬರು. ಈ ಸಂಖ್ಯೆ ಇಟ್ಕೊಂಡು ಸಾಮಾನ್ಯ ಸ್ಥಾನದಲ್ಲಿ ನಾವಾಗೇ ಗೆಲ್ಲೋದು ಕಷ್ಟ. ಅದರಲ್ಲೂ ನಮ್ಮ ಜಿಲ್ಲೆಯಲ್ಲಿ ನಾವು ಎಡಗೈ-ಬಲಗೈ ಅಂತ ಹಾಸ್ಟೆಲ್ ರೂಮಿನಲ್ಲೂ ಗೆರೆ ಎಳ್ಕೊಂಡು ಕೂತಿರೋದು ಯಾರಿಗೂ ಗೊತ್ತಿಲ್ಲ ಅಂದ್ಕೋಬೇಡಿ. ಗ್ರಾಮ ಪಂಚಾಯ್ತಿ ಅಧ್ಯಕ್ಷ ಸ್ಥಾನಕ್ಕೆ ಸರದಿ ಮೀಸಲಾತಿ ಇರೋದರಿಂದ ಗುಬ್ಬಿ ತಾಲ್ಲೂಕಲ್ಲೂ ಕುಣಿಗಲ್ ತಾಲ್ಲೂಕಲ್ಲೂ ನಮ್ಮ ಅಕ್ಕಂದಿರು ಅಧ್ಯಕ್ಷೆ ಕುರ್ಚಿ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಗಂಡ ಕೂತಿರ್ತಾನೆ, ಹಿಂದೆ ಊರಗೌಡ ನಿಂತಿರ್ತಾನೆ, ಎಲ್ಲ ಗೊತ್ತು. ಆದರೂ ಚೆಕ್ಕಿಗೆ ಅವಳ ಸಹಿ ಬೇಕು. ಹಳ್ಳಿ ಪಂಚಾಯ್ತಿಯಲ್ಲಿ ಸಾಧ್ಯ ಆಗಿದ್ದು ವಿಶ್ವವಿದ್ಯಾಲಯದಲ್ಲಿ ಯಾಕೆ ಆಗಲ್ಲ? ಮಹಾರಾಷ್ಟ್ರ 2016ರ ವಿಶ್ವವಿದ್ಯಾಲಯ ಕಾಯ್ದೆಯಲ್ಲಿ ವಿದ್ಯಾರ್ಥಿ ಪರಿಷತ್ತಿಗೆ ಚುನಾವಣೆಯನ್ನ ಮತ್ತೆ ಸೇರಿಸಿದಾಗ ಮೀಸಲು ಸ್ಥಾನವನ್ನೂ ಬರೀತು. ನಮ್ಮಲ್ಲಿ ಈವರೆಗೆ ನಾನು ಕೇಳಿದ ಯಾವ ಭಾಷಣದಲ್ಲೂ ಮೀಸಲಾತಿ ಅನ್ನೋ ಪದ ಬರಲಿಲ್ಲ. ಎಲ್ಲರೂ "ಮುಂದಿನ ನಾಯಕರು" ಅಂತಾರೆ. ಯಾರ ಮನೆಯ ನಾಯಕರು ಅಂತ ಹೇಳಲ್ಲ.

ಆ ಗುಬ್ಬಿ ಹುಡುಗನಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು: ಬರಲಿ, ಬರಲೇಬೇಕು. ಸರದಿ ಮೀಸಲಾತಿ ಇಲ್ಲದೆ ಬಂದ್ರೆ ಮಾತ್ರ ನಾವು ಮತ್ತೆ ಚಾಪೆ ಹಾಸೋರು, ಅವರು ಮತ್ತೆ ಹದಿನೈದು ದಿನ ಬಂದು ಕೂರೋರು. ಅವನು ಸ್ವಲ್ಪ ಹೊತ್ತು ಸುಮ್ನಿದ್ದು, "ಹದಿನೈದು ದಿನ ಆದ್ರೂ ಬರ್ತಾರಲ್ಲಣ್ಣ, ಈಗ ವಾರ್ಡನ್ನೇ ಬರಲ್ಲ" ಅಂದ. ನನಗೆ ನಗು ಬಂತು, ಅವನು ನಗಲಿಲ್ಲ. ಅವನ ಎರಡನೇ ವರ್ಷದ ವಿದ್ಯಾರ್ಥಿವೇತನ ಇನ್ನೂ ಬಂದಿಲ್ಲ.

ಗೆಳೆಯರೇ, ಒಂದು ಕೆಲಸ ಆಗಬೇಕು. 1989ಕ್ಕೆ ಮುಂಚೆ ತುಮಕೂರು, ಗುಬ್ಬಿ, ಕುಣಿಗಲ್ ಕಾಲೇಜುಗಳಲ್ಲಿ ಓದಿದವರು, ನಿಂತವರು, ಗೆದ್ದವರು, ಸೋತವರು ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಇದ್ದರೆ ಕೇಳಿ. ಹಳೇ ಕರಪತ್ರ, ಕಾಲೇಜು ಪತ್ರಿಕೆಯ ಫೋಟೋ, ಏನಿದ್ರೂ ಸರಿ. ನಮ್ಮ ಹುಡುಗರು ಯಾವ ಸ್ಥಾನಕ್ಕೆ ನಿಂತಿದ್ದರು, ಎಷ್ಟು ಓಟು ಬಂತು, ಯಾರು ಕೈಕೊಟ್ಟರು ಅನ್ನೋದನ್ನ ಒಂದು ಕಡೆ ಬರೆದಿಡಬೇಕು. ಆ ಅಣ್ಣಂದಿರಿಗೆ ಈಗ ಅರವತ್ತು ದಾಟಿದೆ. ಕಮೆಂಟ್‌ನಲ್ಲಿ ಬರೀರಿ, ಇಲ್ಲಾ ಇನ್‌ಬಾಕ್ಸ್‌ಗೆ ಬನ್ನಿ. ಭಾನುವಾರ ನಾನೇ ಬೈಕ್ ಹಾಕ್ಕೊಂಡು ಬರ್ತೀನಿ.

ಜೈಭೀಮ್.